ಉಳುಮೆ ಕಾಣದ ತೋಟಗಳಲ್ಲಿ ಬೇರುಹುಳುವಿನ ಹತೋಟಿ: ಬೇಸಾಯ ಕ್ರಮಗಳ ಒಂದು ಪಾಠ

ಮೀನುಗಾರಿಕೆಯನ್ನು ಬಿಟ್ಟರೆ, ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲೂಕುಗಳ ವಾಣಿಜ್ಯ ವ್ಯವಹಾರವು ಬಹುಮಟ್ಟಿಗೆ ಅಡಿಕೆ, ತೆಂಗು, ಕಾಳುಮೆಣಸು ಮತ್ತು ವೀಳ್ಯದೆಲೆಗಳನ್ನು ಅವಲಂಬಿಸಿದೆ. ಇವುಗಳಲ್ಲಿ ಮೆಣಸಿನ ಬಳ್ಳಿಯೂ ಎಲೆಬಳ್ಳಿಯೂ ಅಡಿಕೆ ಮರವನ್ನೇ ಆಸರೆಯಾಗಿ ಹಿಡಿದು ಬೆಳೆಯುವಂಥವು. ಆದುದರಿಂದ ಒಂದು ಅಡಿಕೆ ಮರ ಉರುಳಿದರೆ ಅದರೊಡನೆ ಎರಡು ಮೂರು ಬೆಳೆಗಳ ಆದಾಯ ಒಮ್ಮೆಗೇ ನೆಲಕ್ಕೊರಗುತ್ತದೆ. ಮರುನೆಟ್ಟ ಸಸಿ ಫಲಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಬೆಲೆಯ ಏರಿಳಿತವನ್ನು ಒಂದು ಹಂಗಾಮಿನಲ್ಲಿ ಸುಧಾರಿಸಿಕೊಳ್ಳಬಹುದು. ಮರದ ನಷ್ಟವನ್ನು ಹಾಗೆ ಸುಧಾರಿಸಿಕೊಳ್ಳಲಾಗದು.

ಹೀಗೆ ಸದ್ದಿಲ್ಲದೆ ಮರವನ್ನು ಕೆಡಹುವ ಕೀಟವೊಂದು ನಮ್ಮ ತೋಟಗಳ ಮಣ್ಣಿನೊಳಗಿದೆ. ಮಲೆನಾಡು ಕರಾವಳಿಗಳ ರೈತರು ಇದನ್ನು ಬೇರುಹುಳು ಎಂದು ಕರೆಯುತ್ತಾರೆ; ಬಯಲುಸೀಮೆಯಲ್ಲಿ ಇದರ ಬಳಗಕ್ಕೆ ಗೊಣ್ಣೆಹುಳು ಎಂಬ ಹೆಸರಿದೆ. ಇದರ ಹತೋಟಿಯಲ್ಲಿ ಬೇಸಾಯ ಕ್ರಮಗಳಿಗೆ ಇರುವ ಸ್ಥಾನವನ್ನು ತೋಟದ ಮಾಲೀಕರಿಗೂ, ತೋಟದ ಉತ್ಪನ್ನವನ್ನು ನಂಬಿರುವ ವರ್ತಕರಿಗೂ ಕ್ರಮವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ತೋಟವೂ ಉಳುಮೆರಹಿತ ಬೇಸಾಯವೇ

ಉಳುಮೆಯಿಲ್ಲದ ಕೃಷಿಯೆಂದರೆ ಜಪಾನಿನ ಫುಕುವೋಕಾ ಅವರ ಸಹಜ ಕೃಷಿ, ಇಲ್ಲವೆ ದಕ್ಷಿಣ ಅಮೆರಿಕಾದ ಸೋಯಾ ಹೊಲಗಳು ನೆನಪಿಗೆ ಬರುತ್ತವೆ. ವಾಸ್ತವದಲ್ಲಿ ನಮ್ಮ ಅಡಿಕೆ ಮತ್ತು ತೆಂಗಿನ ತೋಟಗಳು ತಲೆಮಾರುಗಳಿಂದ ನೇಗಿಲು ಕಾಣದ ನೆಲಗಳೇ ಆಗಿವೆ. ವರ್ಷ ವರ್ಷವೂ ಸೊಪ್ಪು, ದರಕು, ಕೊಟ್ಟಿಗೆ ಗೊಬ್ಬರಗಳನ್ನು ಹಾಸುತ್ತೇವೆ, ಮೇಲೊಂದು ಪದರ ಹೊಸ ಮಣ್ಣು ಹರಡುತ್ತೇವೆ. ನೆಲವನ್ನು ಬುಡಮೇಲು ಮಾಡುವುದಿಲ್ಲ. ಇದರಿಂದ ತೇವ ಉಳಿಯುತ್ತದೆ, ಎರೆಹುಳು ಹೆಚ್ಚುತ್ತದೆ, ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗುವುದು ತಗ್ಗುತ್ತದೆ. ಈ ಲಾಭಗಳನ್ನು ಕಡೆಗಣಿಸಲಾಗದು.

ಆದರೆ ಕದಡದ, ತಂಪಾದ, ಸಾವಯವ ಅಂಶ ತುಂಬಿದ ಇದೇ ಮಣ್ಣು ದುಂಬಿಗಳ ಮರಿಹುಳುಗಳಿಗೂ ಹಿತವಾದ ಮನೆ. ದಕ್ಷಿಣ ಬ್ರೆಜಿಲ್ಲಿನಲ್ಲಿ ಉಳುಮೆರಹಿತ ಪದ್ಧತಿ ಹರಡಿದಂತೆ ಡಿಲೊಬೋಡೆರಸ್ ಅಬ್ಡೆರಸ್ ಎಂಬ ದುಂಬಿಯ ಬಾಧೆ ಏರಿತು. ಅದರ ಹೆಣ್ಣು ನೆಲದ ಮೇಲಿನ ಒಣಹುಲ್ಲನ್ನು ಬಿಲದೊಳಗೆ ಒಯ್ದು ಗೂಡು ಮಾಡಿ ಮೊಟ್ಟೆಯಿಡುತ್ತದೆ. ನೇಗಿಲು ನಿಂತು ಹುಲ್ಲು ಹೊಲದಲ್ಲೇ ಉಳಿದಾಗ ಅದಕ್ಕೆ ಅನುಕೂಲವಾಯಿತು. ಅಲ್ಲಿಯ ತಜ್ಞರು ಇದಕ್ಕಾಗಿ ಉಳುಮೆರಹಿತ ಕೃಷಿಯನ್ನೇ ತೊರೆಯಿರೆಂದು ಹೇಳಲಿಲ್ಲ. ಕೀಟದ ಜೀವನಕ್ರಮವನ್ನು ಅರಿತು, ಅದು ದುರ್ಬಲವಾಗಿರುವ ಸಮಯದಲ್ಲಿ ಬೇಸಾಯ ಕ್ರಮವನ್ನು ಬದಲಿಸುವ ದಾರಿಯನ್ನು ಹಿಡಿದರು. ನಮಗೂ ಅದೇ ದಾರಿ ಉಚಿತ.

ಹುಳುವಿನ ಜೀವನಕ್ರಮ

ನಮ್ಮ ಕಡೆಯ ಅಡಿಕೆ, ತೆಂಗುಗಳಿಗೆ ಬೀಳುವ ಬೇರುಹುಳುಗಳು ಮುಖ್ಯವಾಗಿ ಲ್ಯೂಕೋಫೋಲಿಸ್ ಎಂಬ ಕುಲಕ್ಕೆ ಸೇರಿವೆ. ಇವುಗಳಲ್ಲಿ ಕೋನಿಯೋಫೋರಾ ಎಂಬ ಜಾತಿ ಕರಾವಳಿಯ ಮರಳುಮಿಶ್ರಿತ ಗೋಡು ಮಣ್ಣಿನಲ್ಲಿ ಹೆಚ್ಚು. ಬರ್ಮೈಸ್ಟೆರಿ ಮತ್ತು ಲೆಪಿಡೋಫೋರಾ ಎಂಬ ಜಾತಿಗಳು ಅಡಿಕೆ ತೋಟಗಳಲ್ಲಿ ಕಂಡುಬರುತ್ತವೆ.

ಕೋನಿಯೋಫೋರಾ ಜಾತಿಯದು ಒಂದು ವರ್ಷದ ಜೀವನಚಕ್ರ. ಮೊದಲ ಮಳೆ ಬಿದ್ದು ನೆಲ ನೆನೆದ ಕೂಡಲೇ, ಅಂದರೆ ಸಾಮಾನ್ಯವಾಗಿ ರೋಹಿಣಿ, ಮೃಗಶಿರಾ ಮಳೆಗಳ ಹೊತ್ತಿಗೆ, ಕಂದು ಬಣ್ಣದ ದುಂಬಿಗಳು ಮುಸ್ಸಂಜೆಯಲ್ಲಿ ಮಣ್ಣಿನಿಂದ ಮೇಲೇಳುತ್ತವೆ. ಸೂರ್ಯಾಸ್ತದ ಆಸುಪಾಸಿನ ಮುಕ್ಕಾಲು ಗಂಟೆ, ಒಂದು ಗಂಟೆಯ ಅವಧಿಯಲ್ಲಿ ಹಾರಾಡಿ ಜೊತೆಗೂಡಿ ಮತ್ತೆ ಮಣ್ಣನ್ನು ಸೇರುತ್ತವೆ. ಹೆಣ್ಣು ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಮೂರು ನಾಲ್ಕು ವಾರಗಳಲ್ಲಿ ಮೊಟ್ಟೆಯೊಡೆದು ಬಂದ ಎಳೆಯ ಹುಳುಗಳು ಮೊದಲಿಗೆ ಮರದ ಬೇರನ್ನು ಮುಟ್ಟುವುದಿಲ್ಲ. ಸಾಲುಗಳ ನಡುವಿನ ಸಾವಯವ ಪದಾರ್ಥವನ್ನೂ ಹುಲ್ಲಿನ ಬೇರುಗಳನ್ನೂ ತಿಂದು ಬೆಳೆಯುತ್ತವೆ. ಎರಡನೆಯ ಮತ್ತು ಮೂರನೆಯ ಹಂತಕ್ಕೆ ಬಂದ ಮೇಲೆ ಗಡ್ಡೆಬೆಳೆಗಳಿಗೂ ಮರದ ಬೇರುಗಳಿಗೂ ಬಾಯಿ ಹಾಕುತ್ತವೆ. ಸುಮಾರು ಎಂಟೊಂಬತ್ತು ತಿಂಗಳು ಹುಳುವಾಗಿದ್ದು, ಬೇಸಿಗೆಯಲ್ಲಿ ಆಳಕ್ಕಿಳಿದು ಕೋಶಾವಸ್ಥೆಗೆ ಹೋಗಿ, ದುಂಬಿಯಾಗಿ ಮುಂದಿನ ಮಳೆಗಾಗಿ ಕಾಯುತ್ತವೆ. ಬೇರೆ ಕೆಲವು ಜಾತಿಗಳಲ್ಲಿ ಈ ಚಕ್ರ ಎರಡು ವರ್ಷಗಳವರೆಗೂ ಸಾಗುವುದರಿಂದ ಅಂಥ ತೋಟಗಳಲ್ಲಿ ವರ್ಷವಿಡೀ ದೊಡ್ಡ ಹುಳುಗಳು ಸಿಗುತ್ತವೆ.

ಈ ವಿವರದಿಂದ ತಿಳಿಯುವ ಪಾಠವೆಂದರೆ, ಹುಳುವನ್ನು ಸುಲಭವಾಗಿ ಹಿಡಿಯಬಹುದಾದ ಸಮಯಗಳು ಎರಡೇ. ಒಂದು, ದುಂಬಿ ನೆಲದ ಮೇಲೆ ಬರುವ ಮುಂಗಾರಿನ ಸಂಜೆಗಳು. ಇನ್ನೊಂದು, ಎಳೆಯ ಹುಳು ಮೇಲ್ಮಣ್ಣಿನಲ್ಲಿ, ಮರದ ಬುಡದಿಂದ ದೂರವಿರುವ ಅವಧಿ. ಈ ಎರಡನ್ನೂ ಬಿಟ್ಟು, ಎಲೆ ಹಳದಿಯಾದ ಮೇಲೆ ಔಷಧಕ್ಕಾಗಿ ಅಂಗಡಿಗೆ ಹೋಗುವುದು ತಡವಾದ ಕ್ರಮ.

ಬಾಧೆಯನ್ನು ಗುರುತಿಸುವ ಬಗೆ

ಹುಳು ಬಿದ್ದ ಮರದ ಎಲೆಗಳು ಹಳದಿಯಾಗುತ್ತವೆ. ಕಾಂಡ ಶಿರದ ಕಡೆಗೆ ಸಪುರವಾಗುತ್ತದೆ, ಎಳೆಗಾಯಿ ಉದುರುತ್ತದೆ, ಇಳುವರಿ ಇಳಿಯುತ್ತದೆ. ಬೇರು ತೀರಾ ನಾಶವಾದ ಮರವನ್ನು ಕೈಯಿಂದ ಅಲುಗಿಸಬಹುದು. ಗಾಳಿಗೆ ಅದು ಬುಡಸಹಿತ ಉರುಳುತ್ತದೆ. ಆದರೆ ಎಲೆ ಹಳದಿಯಾಗುವುದಕ್ಕೆ ಹಳದಿ ಎಲೆ ರೋಗ, ನೀರು ನಿಲ್ಲುವಿಕೆ, ಪೋಷಕಾಂಶದ ಕೊರತೆಗಳೂ ಕಾರಣವಾಗಬಲ್ಲವು. ಆದುದರಿಂದ ಎಲೆಯನ್ನು ನೋಡಿ ತೀರ್ಮಾನಿಸದೆ ಮಣ್ಣನ್ನು ಅಗೆದು ನೋಡತಕ್ಕದ್ದು. ಶ್ರಾವಣ, ಭಾದ್ರಪದ ಮಾಸಗಳಲ್ಲಿ ತೋಟದ ನಾಲ್ಕಾರು ಕಡೆ, ಮುಖ್ಯವಾಗಿ ತಗ್ಗು ಭಾಗಗಳಲ್ಲಿ, ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಸಿಕ್ಕ ಹುಳುಗಳನ್ನು ಎಣಿಸಬೇಕು. ಎಲ್ಲಿ ಎಷ್ಟು ಸಿಕ್ಕಿತೆಂದು ತೋಟದ ಒಂದು ನಕ್ಷೆಯಲ್ಲಿ ಬರೆದಿಟ್ಟರೆ ಮುಂದಿನ ಎಲ್ಲ ಕೆಲಸಕ್ಕೂ ಅದೇ ಆಧಾರ. ಬೇರುಹುಳು ಸಾಮಾನ್ಯವಾಗಿ ತೋಟದಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ, ಅಲ್ಲಲ್ಲಿ ಗುಂಪಾಗಿರುತ್ತದೆ.

ಮತ್ತೊಂದು ತಪ್ಪುಗ್ರಹಿಕೆಯನ್ನು ಇಲ್ಲಿ ತಿದ್ದಿಕೊಳ್ಳಬೇಕು. ಗೊಬ್ಬರದ ಗುಂಡಿಯಲ್ಲಿ ಸಿಗುವ ದಪ್ಪನೆಯ, ಕೊಂಡಿಯಂತೆ ಬಾಗಿದ ಬಿಳಿ ಹುಳುಗಳೆಲ್ಲ ಬೇರುಹುಳುಗಳಲ್ಲ. ಅವು ಬಹುಶಃ ತೆಂಗಿನ ಸುಳಿ ಕೊರೆಯುವ ಖಡ್ಗಮೃಗ ದುಂಬಿಯ ಮರಿಗಳು. ಅವು ಕೊಳೆತ ಪದಾರ್ಥವನ್ನು ತಿನ್ನುತ್ತವೆಯೇ ಹೊರತು ಜೀವಂತ ಬೇರನ್ನಲ್ಲ. ಅವುಗಳ ಉಪದ್ರವ ದುಂಬಿಯಾದ ಮೇಲೆ. ಹುಳುವನ್ನು ಬೆನ್ನ ಮೇಲೆ ಮಲಗಿಸಿ ಹಿಂತುದಿಯ ಅಡಿಭಾಗವನ್ನು ಭೂತಗನ್ನಡಿಯಿಂದ ನೋಡಿದರೆ, ಲ್ಯೂಕೋಫೋಲಿಸ್ ಬೇರುಹುಳುವಿನಲ್ಲಿ ಎರಡು ಸಮಾನಾಂತರ ಸಾಲುಗಳಲ್ಲಿ ಸಣ್ಣ ಮುಳ್ಳುಗಳು ಕಾಣುತ್ತವೆ. ಖಡ್ಗಮೃಗ ದುಂಬಿಯ ಮರಿಯಲ್ಲಿ ಅಂಥ ಸಾಲುಗಳಿಲ್ಲ. ಎರಡನ್ನೂ ಹತೋಟಿಯಲ್ಲಿಡಬೇಕಾದರೂ ಇವುಗಳ ಉಪಾಯಗಳು ಬೇರೆ ಬೇರೆ.

ರಾಸಾಯನಿಕದ ದಾರಿ ಕಿರಿದಾಗಿದೆ

ಹಿಂದೆ ಮಣ್ಣಿನ ಹುಳುವೆಂದರೆ ಬಿ.ಎಚ್.ಸಿ. ಪುಡಿ, ಅನಂತರ ಫೋರೇಟ್ ಹರಳು ಎಂಬುದು ರೂಢಿಯಾಗಿತ್ತು. ಬಿ.ಎಚ್.ಸಿ.ಯ ಬಳಕೆ ದೇಶದಲ್ಲಿ 1997ರಲ್ಲಿ ನಿಂತಿತು. ಕೇಂದ್ರ ಸರಕಾರದ 2018ರ ಆದೇಶದ ಮೇರೆಗೆ ಫೋರೇಟ್ 2020ರ ಡಿಸೆಂಬರ್ 31ರಿಂದ ನಿಷೇಧಕ್ಕೊಳಗಾಯಿತು. ಕ್ಲೋರ್‌ಪೈರಿಫಾಸ್ 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ, ಕೆಲವು ವಿನಾಯಿತಿಗಳೊಡನೆ, ಸೇರಿತು. ಔಷಧ ವ್ಯಾಪಾರಿಗಳು ಈ ಬೆಳವಣಿಗೆಯನ್ನು ಗಮನಿಸದೆ ಹಳೆಯ ಸಲಹೆಯನ್ನೇ ಹೇಳುತ್ತಿದ್ದರೆ ಅದು ಕಾನೂನಿಗೂ ಗ್ರಾಹಕನ ಹಿತಕ್ಕೂ ವಿರುದ್ಧ.

ಕಾನೂನಿಗಿಂತ ದೊಡ್ಡ ಕಾರಣ ನಮ್ಮ ಬಾವಿಗಳು. ಹೊನ್ನಾವರದ ಬಳಿ ಶರಾವತಿಯ ನದೀಮುಖದಲ್ಲಿರುವ ಮಾವಿನಕುರ್ವೆಯಂಥ ನಡುಗಡ್ಡೆಗಳನ್ನೂ ನದೀದಂಡೆಯ ಊರುಗಳನ್ನೂ ನೆನೆಯೋಣ. ಮಣ್ಣು ಹಗುರ, ಅಂತರ್ಜಲ ಮೇಲೆಯೇ ಇದೆ, ತೋಟದ ಅಂಚಿನಲ್ಲೇ ಮನೆ ಮತ್ತು ಕುಡಿಯುವ ನೀರಿನ ಬಾವಿ. ಬುಡಕ್ಕೆ ಸುರಿದ ವಿಷ ಮಳೆಯೊಡನೆ ಎಲ್ಲಿಗೆ ಇಳಿಯುವುದೆಂದು ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದುದರ ಸಂಕಟವನ್ನು ಕಾಸರಗೋಡಿನಂತೆ ನಮ್ಮ ಕರಾವಳಿಯ ಕುಟುಂಬಗಳೂ ಉಂಡಿವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆದಾಗ ಹಲವರಿಗೆ ತಡವಾಗಿತ್ತು. ಆ ಪಾಠವನ್ನು ಮತ್ತೊಮ್ಮೆ ಕಲಿಯುವ ಅಗತ್ಯವಿಲ್ಲ.

ಬೇಸಾಯ ಕ್ರಮಗಳು

1. ನೀರು ಬಸಿಯುವ ವ್ಯವಸ್ಥೆ: ನೀರು ನಿಲ್ಲುವ ತೋಟಗಳಲ್ಲಿ ಬೇರುಹುಳುವಿನ ಹಾನಿ ಹೆಚ್ಚೆಂಬುದು ಅನುಭವಸಿದ್ಧ. ಹುಳು ತಿಂದ ಬೇರಿನ ಜಾಗದಲ್ಲಿ ಹೊಸ ಬೇರು ಮೂಡಲು ಮಣ್ಣಿನಲ್ಲಿ ಗಾಳಿಯಾಡಬೇಕು. ಜೌಗಿನಲ್ಲಿ ಅದು ಸಾಧ್ಯವಿಲ್ಲ. ಬಸಿಗಾಲುವೆಯ ತಳವು ಸಸಿ ನೆಟ್ಟ ಗುಂಡಿಯ ತಳಕ್ಕಿಂತ 25ರಿಂದ 30 ಸೆಂ.ಮೀ. ಕೆಳಗಿರುವಂತೆ ನೋಡಿಕೊಂಡು, ಮಳೆಗಾಲಕ್ಕೆ ಮುನ್ನ ಹೂಳು ತೆಗೆಯಬೇಕು. ಉಬ್ಬರದ ನೀರು ತಾಗುವ ನೆಲಗಳಲ್ಲಿ ಅಷ್ಟು ಆಳ ಸಾಧ್ಯವಾಗದಿದ್ದರೆ ಕಾಲುವೆಯ ಹೂಳನ್ನೇ ಎರಚಿ ಸಾಲನ್ನು ಏರಿಸಿಕೊಳ್ಳುವುದು ಲೇಸು.

2. ದುಂಬಿಗಳನ್ನು ಆರಿಸುವುದು: ಮೊದಲ ಮಳೆಯಿಂದ ಎರಡು ಮೂರು ವಾರಗಳ ಕಾಲ ಪ್ರತಿ ಸಂಜೆ ಆರೂವರೆಯಿಂದ ಏಳೂವರೆಯವರೆಗೆ ತೋಟದಲ್ಲಿ ಓಡಾಡಿ, ಸಿಕ್ಕ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ ಕೊಲ್ಲಬೇಕು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಲ್ಲೂ ಇದು ಸೇರಿದೆ. ಒಂದು ಹೆಣ್ಣು ಇಪ್ಪತ್ತು ಮೊಟ್ಟೆ ಇಡುವುದೆಂದು ಲೆಕ್ಕ ಹಿಡಿದರೂ, ನೂರು ಹೆಣ್ಣುಗಳನ್ನು ಆರಿಸಿದವನು ಎರಡು ಸಾವಿರ ಹುಳುಗಳನ್ನು ಹುಟ್ಟುವ ಮುನ್ನವೇ ತಡೆದಂತಾಯಿತು. ಬಯಲುಸೀಮೆಯ ಕಬ್ಬು, ಶೇಂಗಾ ಹೊಲಗಳಿಗೆ ಬೀಳುವ ಹೊಲೊಟ್ರೈಕಿಯಾ ಜಾತಿಯ ದುಂಬಿಗಳು ಬೇವು, ಜಾಲಿ ಮರಗಳಿಗೆ ಬಂದು ಎಲೆ ತಿನ್ನುತ್ತವೆ. ಅಲ್ಲಿಯ ರೈತರು ರಾತ್ರಿ ಕೊಂಬೆ ಅಲುಗಿಸಿ ಅವುಗಳನ್ನು ಉದುರಿಸುತ್ತಾರೆ. ಎಲ್ಲ ಜಾತಿಗಳೂ ದೀಪಕ್ಕೆ ಒಂದೇ ರೀತಿ ಬರುವುದಿಲ್ಲವಾದ್ದರಿಂದ ನಮ್ಮಲ್ಲಿ ದೀಪದ ಬಲೆಯೊಂದನ್ನೇ ನಂಬದೆ ಕೈಯಿಂದ ಆರಿಸುವುದು ಉತ್ತಮ.

ಈ ಕೆಲಸ ಒಬ್ಬನ ತೋಟದಲ್ಲಿ ಮಾತ್ರ ನಡೆದರೆ ಫಲ ಕಡಿಮೆ, ನೆರೆಯ ತೋಟದ ದುಂಬಿಗೆ ಬೇಲಿಯ ಅಡ್ಡಿಯಿಲ್ಲ. ಕುರ್ವೆಯ ಊರುಗಳಿಗೆ ಇಲ್ಲಿ ಒಂದು ಅನುಕೂಲವಿದೆ. ಸುತ್ತ ನೀರಿರುವ ನೆಲದಲ್ಲಿ ಎಲ್ಲ ಮನೆಯವರೂ ಒಂದೇ ಪಕ್ಷದಲ್ಲಿ ಈ ಕೆಲಸ ಮಾಡಿದರೆ ಹೊರಗಿನಿಂದ ಮತ್ತೆ ಬರುವ ದುಂಬಿ ವಿರಳವಾಗಬೇಕು.

3. ಮಿತವಾದ ಅಗೆತ: ಉಳುಮೆಯಿಲ್ಲದ ತೋಟದಲ್ಲಿ ಅಗೆತವೆಂದರೆ ಹಲವರಿಗೆ ಅಪಥ್ಯ. ಇಲ್ಲಿ ಸೂಚಿಸುವುದು ಇಡೀ ತೋಟವನ್ನು ಕೆದಕುವ ಕ್ರಮವಲ್ಲ. ಅಡಿಕೆಯ ಹೆಚ್ಚಿನ ಬೇರುಗಳು ಬುಡದಿಂದ ಒಂದು ಮೀಟರಿನೊಳಗೆ ಇರುತ್ತವೆ. 2.7 ಮೀಟರ್ ಅಂತರದ ತೋಟದಲ್ಲಿ ಎರಡು ಸಾಲುಗಳ ನಡುವೆ ಸುಮಾರು 70 ಸೆಂ.ಮೀ. ಅಗಲದ ಪಟ್ಟಿ ಇದರ ಹೊರಗೆ ಉಳಿಯುತ್ತದೆ. ಎಳೆಯ ಹುಳುಗಳಿರುವ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ, ಮಳೆ ಬಿಡುವು ಕೊಟ್ಟ ದಿನ, ನಕ್ಷೆಯಲ್ಲಿ ಗುರುತಿಸಿದ ಜಾಗಗಳ ಈ ಪಟ್ಟಿಯನ್ನಷ್ಟೇ 10ರಿಂದ 15 ಸೆಂ.ಮೀ. ಆಳಕ್ಕೆ ಸಡಿಲಿಸಬೇಕು. ಮೇಲೆ ಬಂದ ಹುಳುಗಳನ್ನು ಬೆಳ್ಳಕ್ಕಿ, ಕಾಗೆ, ಮೈನಾಗಳು ಹೆಕ್ಕುತ್ತವೆ. ಮನೆಯ ಕೋಳಿಗಳನ್ನು ಬಿಟ್ಟರೂ ಆದೀತು. ಅನಂತರ ಹೊದಿಕೆಯನ್ನು ಮೊದಲಿನಂತೆ ಮುಚ್ಚಬೇಕು. ಇಳಿಜಾರಿನ ತೋಟಗಳಲ್ಲಿ ಜೋರು ಮಳೆಯಲ್ಲಿ ಈ ಕೆಲಸ ಮಾಡಕೂಡದು. ಹುಳು ಕಾಣದ ಭಾಗವನ್ನು ಮುಟ್ಟದೆ ಬಿಟ್ಟರೆ ಉಳುಮೆರಹಿತ ಪದ್ಧತಿಯ ಲಾಭಕ್ಕೂ ಚ್ಯುತಿ ಬಾರದು.

4. ಗೊಬ್ಬರದ ಶುದ್ಧಿ: ಹಸಿ ಸಗಣಿ, ಅರೆಕೊಳೆತ ಗೊಬ್ಬರಗಳನ್ನು ತೋಟದ ನಡುವೆ ರಾಶಿ ಹಾಕಬಾರದು. ರಾಶಿಯನ್ನು ಆಗಾಗ ತಿರುವಿ, ಹುಳು ಆರಿಸಿ, ಚೆನ್ನಾಗಿ ಕಳಿತ ಮೇಲೆ ಬಳಸಬೇಕು. ಘಟ್ಟದ ಮೇಲಿನಿಂದಲೋ ಬಯಲುಸೀಮೆಯಿಂದಲೋ ಲಾರಿಯಲ್ಲಿ ತರಿಸಿದ ಗೊಬ್ಬರ ಮತ್ತು ಮಣ್ಣನ್ನು ಇಳಿಸುವಾಗಲೇ ಕೆದಕಿ ನೋಡುವುದು ಅವಶ್ಯ.

5. ಮಿಶ್ರಬೆಳೆಯ ವಿವೇಚನೆ: ಕೆಸು, ಗೆಣಸು, ಮರಗೆಣಸುಗಳಂಥ ಗಡ್ಡೆಬೆಳೆಗಳು ಈ ಹುಳುವಿಗೆ ಪ್ರಿಯ. ಹುಳು ಬಿದ್ದ ತೋಟದಲ್ಲಿ ಇವುಗಳನ್ನು ಬಿಡದೆ ಬೆಳೆದರೆ ಹುಳುವನ್ನು ಸಾಕಿದಂತೆ. ಬೆಳೆಯಲೇಬೇಕಾದರೆ ಸಕಾಲದಲ್ಲಿ ಕಿತ್ತು, ಗಡ್ಡೆಯ ಸುತ್ತಲಿನ ಹುಳುಗಳನ್ನು ಆರಿಸಿ ನಾಶಪಡಿಸಬೇಕು. ಹೀಗೆ ಮಾಡುವವನಿಗೆ ಗಡ್ಡೆಬೆಳೆಯೇ ಒಂದು ಬಲೆಯಾದೀತು. ಮರೆತವನಿಗೆ ಅದು ಹಾನಿಯ ಮೂಲವಾಗುತ್ತದೆ.

6. ಬೇರಿನ ಪುನಶ್ಚೇತನ: ಪೆಟ್ಟು ತಿಂದ ಮರಕ್ಕೆ ಹೊಸ ಬೇರು ಬರುವಂತೆ ಮಾಡುವುದು ಹುಳು ಕೊಲ್ಲುವಷ್ಟೇ ಮುಖ್ಯ. ಬುಡಕ್ಕೆ ಹೊಸ ಮಣ್ಣು ಏರಿಸಿ, ಬೇವಿನ ಇಲ್ಲವೆ ಹೊಂಗೆಯ ಹಿಂಡಿ ಕೊಟ್ಟು, ಗೊಬ್ಬರವನ್ನು ಸಮತೋಲವಾಗಿ ಒದಗಿಸಬೇಕು. ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ, 12 ಕಿಲೋ ಕಾಂಪೋಸ್ಟ್, ಜೊತೆಗೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರಂತೆ ತಿದ್ದಿಕೊಳ್ಳಬಹುದು.

ಜೈವಿಕ ನೆರವು

ಬೇಸಾಯ ಕ್ರಮಗಳಿಗೆ ಬೆಂಬಲವಾಗಿ ಎರಡು ಜೀವಿಗಳನ್ನು ಬಳಸಬಹುದು. ಮೆಟಾರೈಜಿಯಂ ಎಂಬ ಹಸಿರು ಬೂಷ್ಟು ಹುಳುವಿನ ಮೈಮೇಲೆ ಬೆಳೆದು ಅದನ್ನು ಕೊಲ್ಲುತ್ತದೆ; ಗೊಬ್ಬರದ ಗುಂಡಿಯ ಖಡ್ಗಮೃಗ ದುಂಬಿಯ ಮರಿಗಳಿಗೂ ಇದು ಉಪಯುಕ್ತ. ಇನ್ನೊಂದು, ಸ್ಟೈನರ್‌ನೆಮಾ ಕಾರ್ಪೊಕ್ಯಾಪ್ಸೆ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಕೀಟನಾಶಕ ಜಂತುಹುಳು. ಹೆಕ್ಟೇರಿಗೆ 150 ಕೋಟಿ ಜಂತುಹುಳುಗಳ ಪ್ರಮಾಣದಲ್ಲಿ ನೀರಿನಲ್ಲಿ ಬೆರೆಸಿ, ಸಾಲುಗಳ ನಡುವೆ 5ರಿಂದ 10 ಸೆಂ.ಮೀ. ಆಳದಲ್ಲಿ ಕೊಡುವುದು ಕಾಸರಗೋಡು ಸಂಸ್ಥೆಯ ಸಲಹೆ, ಅಗತ್ಯವಿದ್ದಲ್ಲಿ ಪುನರಾವರ್ತಿಸಬೇಕು. ಇವೆರಡೂ ಜೀವಂತ ವಸ್ತುಗಳಾದ್ದರಿಂದ ಬಿಸಿಲಿಗೆ, ಒಣ ನೆಲಕ್ಕೆ ನಿಲ್ಲವು. ಮಣ್ಣು ತೇವವಿರುವಾಗ, ಸಂಜೆಯ ಹೊತ್ತು ಬಳಸಿದರೆ ಮಾತ್ರ ಹಣ ಸಾರ್ಥಕ. ಈ ದೃಷ್ಟಿಯಿಂದ ಹೊದಿಕೆಯಿರುವ ಉಳುಮೆರಹಿತ ತೋಟವೇ ಇವುಗಳಿಗೆ ತಕ್ಕ ನೆಲ.

ವರ್ಷದ ಕಾರ್ಯಸೂಚಿ

ಏಪ್ರಿಲ್, ಮೇ: ಬಸಿಗಾಲುವೆಯ ಹೂಳೆತ್ತುವುದು, ಗೊಬ್ಬರ ರಾಶಿಯ ತಪಾಸಣೆ.
ರೋಹಿಣಿಯಿಂದ ಆರಿದ್ರಾ ಮಳೆಯವರೆಗೆ: ಸಂಜೆಯ ದುಂಬಿ ಸಂಗ್ರಹ, ಊರೊಟ್ಟಿನಲ್ಲಿ.
ಆಗಸ್ಟ್, ಸೆಪ್ಟೆಂಬರ್: ಗುಂಡಿ ತೆಗೆದು ಎಣಿಕೆ, ನಕ್ಷೆ, ಗುರುತಿಸಿದ ಪಟ್ಟಿಗಳಲ್ಲಿ ಅಗೆತ, ಜಂತುಹುಳುವಿನ ಬಳಕೆ.
ಸೆಪ್ಟೆಂಬರ್ ಕೊನೆ, ಅಕ್ಟೋಬರ್: ಗಡ್ಡೆಬೆಳೆ ಕೀಳುವುದು, ಹಿಂಡಿ, ಗೊಬ್ಬರ, ಬುಡಕ್ಕೆ ಮಣ್ಣು.
ನವೆಂಬರಿನಿಂದ: ಸೊಪ್ಪಿನ ಹೊದಿಕೆ, ಅಲುಗುವ ಮರಗಳ ಪಟ್ಟಿ.

ಎರಡು ವರ್ಷದ ಚಕ್ರವುಳ್ಳ ಜಾತಿಯಿರುವ ತೋಟಗಳಲ್ಲಿ ಒಂದೇ ವರ್ಷಕ್ಕೆ ಫಲ ಕಾಣದೆಂದು ಕೈಬಿಡಬಾರದು. ಕನಿಷ್ಠ ಮೂರು ಮಳೆಗಾಲ ಈ ಕ್ರಮವನ್ನು ನಡೆಸಿ, ಪ್ರತಿ ವರ್ಷದ ಎಣಿಕೆಯನ್ನು ಹಿಂದಿನದರೊಡನೆ ಹೋಲಿಸಿ ನೋಡುವುದು ಯೋಗ್ಯ.

ವರ್ತಕ ಸಮುದಾಯದ ಪಾಲು

ಇದು ರೈತನ ಕೆಲಸ, ನಮಗೇನು ಎಂದು ವರ್ತಕರು ಭಾವಿಸುವುದು ಸಲ್ಲದು. ಗೊಬ್ಬರದ ವ್ಯಾಪಾರಿ ಹುಳುವಿಲ್ಲದ ಸರಕನ್ನು ಒದಗಿಸಬಹುದು. ಸಸಿ ಮಾರುವವರು ಚೀಲದ ಮಣ್ಣನ್ನು ಬಿಸಿಲಿಗೆ ಒಣಗಿಸಿ ಜರಡಿ ಹಿಡಿದು ತುಂಬಿದರೆ ಹುಳು ಒಂದೂರಿನಿಂದ ಇನ್ನೊಂದೂರಿಗೆ ಪ್ರಯಾಣಿಸುವುದು ತಪ್ಪುತ್ತದೆ. ಔಷಧ ಮಳಿಗೆಯವರು ಜಂತುಹುಳು, ಮೆಟಾರೈಜಿಯಂಗಳನ್ನು ತಯಾರಿಕೆಯ ದಿನಾಂಕ ನೋಡಿ, ತಂಪಿನಲ್ಲಿಟ್ಟು ಮಾರಬೇಕು. ಒಬ್ಬೊಬ್ಬರೇ ತರಿಸುವುದಕ್ಕಿಂತ ಸಹಕಾರಿ ಸಂಘಗಳ ಮೂಲಕ ಮುಂಗಡ ಬೇಡಿಕೆ ಸಂಗ್ರಹಿಸಿ ಒಟ್ಟಾಗಿ ತರಿಸಿದರೆ ಬೆಲೆಯೂ ಇಳಿಯುತ್ತದೆ, ಸರಕೂ ತಾಜಾ ಇರುತ್ತದೆ.

ಒಂದು ಸರಳ ಲೆಕ್ಕ ಹಾಕೋಣ. 2.7 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಮರಗಳಿರುತ್ತವೆ. ಇವುಗಳಲ್ಲಿ ವರ್ಷಕ್ಕೆ ನೂರಕ್ಕೆ ಎರಡರಂತೆ ಉರುಳಿದರೂ ಹನ್ನೊಂದು ಮರ. ಐದು ವರ್ಷಕ್ಕೆ ಐವತ್ತೈದು. ಮೊದಲು ನೆಟ್ಟ ಸಸಿ ಫಲ ಕೊಡುವ ಹೊತ್ತಿಗೆ ತೋಟದ ಹತ್ತನೆಯ ಒಂದು ಪಾಲು ಬರಿದಾಗಿರುತ್ತದೆ. ರೈತನ ಅಂಗಳಕ್ಕೆ ಬಾರದ ಆ ಅಡಿಕೆ ಪೇಟೆಯ ವಖಾರಿಗೂ ಬಾರದು. ಅದೇ ತೋಟದಲ್ಲಿ ಮುಂಗಾರಿನ ಎರಡು ಮೂರು ವಾರ, ದಿನಕ್ಕೆ ಒಂದು ಗಂಟೆಯ ದುಂಬಿ ಸಂಗ್ರಹಕ್ಕೆ ಬೇಕಾಗುವುದು ಮನೆಮಂದಿಯ ಶ್ರಮ, ಒಂದು ಡಬ್ಬಿ ಮತ್ತು ಸ್ವಲ್ಪ ಸೀಮೆಎಣ್ಣೆ.

ಬೇರುಹುಳುವನ್ನು ಸಂಪೂರ್ಣ ನಿರ್ಮೂಲ ಮಾಡುವುದು ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ಮರ ತಾಳಿಕೊಳ್ಳುವ ಮಿತಿಯಲ್ಲಿ ಅದನ್ನು ಇಟ್ಟುಕೊಂಡರೆ ಸಾಕು. ಬರುವ ಮುಂಗಾರಿನ ಮೊದಲ ಸಂಜೆಯಲ್ಲಿ ಪ್ರತಿಯೊಂದು ಊರಿನವರೂ ತಮ್ಮ ತೋಟಕ್ಕೆ ಇಳಿದು ಒಮ್ಮೆ ನೋಡಲಿ, ನೆರೆಯವರನ್ನೂ ಕರೆಯಲಿ ಎಂಬುದು ನಮ್ಮ ವಿನಂತಿ.